ಪೈನ್‌ಹರ್ಸ್ಟ್‌ನಿಂದ ಅಪ್ಪನಿಗೆ: ಗರಿಕೆ ಕಿತ್ತ ಮೈದಾನದ ಕಥೆ

ಪೈನ್‌ಹರ್ಸ್ಟ್, ನಾರ್ತ್ ಕೆರೊಲಿನಾ

ತೀರ್ಥರೂಪರಾದ ಅಪ್ಪನವರಿಗೂ ಅಮ್ಮನಿಗೂ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನಿಲ್ಲಿ ಕ್ಷೇಮವಾಗಿದ್ದೇನೆ. ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯುತ್ತಿರಿ. ಅಮ್ಮ, ನೀನು ಕಳಿಸಿದ ಹುಣಸೆ ತೊಕ್ಕು, ಚಟ್ನಿಪುಡಿ ಎರಡೂ ಒಡೆಯದೆ ಬಂದವು. ಪುಡಿ ಆಗಲೇ ಅರ್ಧ ಖಾಲಿ.

ಅಪ್ಪ, ಹೋದ ಭಾನುವಾರ ಫೋನಿನಲ್ಲಿ ನೀವು ಒಂದು ಮಾತು ಕೇಳಿದಿರಿ. "ದನ ಮೇಯದ ಹುಲ್ಲಿಗೆ ಅಷ್ಟೊಂದು ನೀರು ಯಾಕಮ್ಮ ಹಾಯಿಸ್ತಾರೆ?" ಅಂತ. ಅಷ್ಟರಲ್ಲಿ ಸಿಗ್ನಲ್ ಹೋಯಿತು. ಅದು ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸೋ ವಿಷಯವೂ ಅಲ್ಲ. ಅದಕ್ಕೇ ಈ ಕಾಗದ. ನೀವು ಕೇಳಿದ್ದನ್ನೇ ಇಲ್ಲಿನವರೂ ಒಂದು ದಿನ ತಮ್ಮನ್ನು ತಾವು ಕೇಳಿಕೊಂಡರು. ಅದರಿಂದ ಒಂದು ಹಳೆಯ ಗಾಲ್ಫ್ ಮೈದಾನವೇ ಬದಲಾಯಿತು. ನಾನು ಕೆಲಸ ಮಾಡೋದು ಆ ಮೈದಾನದಲ್ಲಲ್ಲ, ಹತ್ತಿರದ ಬೇರೊಂದರಲ್ಲಿ. ಆದರೆ ಹುಲ್ಲಿನ ಕೆಲಸ ಕಲಿಯುವವರಿಗೆ ಅದನ್ನು ನೋಡದೆ ಇರೋಕೆ ಆಗೋದಿಲ್ಲ. ಅದರ ಹೆಸರು ಪೈನ್‌ಹರ್ಸ್ಟ್ ನಂಬರ್ 2.

ಮೊದಲು ನೆಲದ ವಿಷಯ ಹೇಳುತ್ತೇನೆ, ನಿಮಗೆ ಅದೇ ಮುಖ್ಯ ಅಲ್ವಾ. ಇಲ್ಲಿನದು ಬರೀ ಮರಳು ಭೂಮಿ. ಬೊಗಸೆಯಲ್ಲಿ ಹಿಡಿದರೆ ಬೆರಳ ಸಂದಿಯಿಂದ ಸೋರಿಹೋಗುತ್ತದೆ. ಎಂಥ ಮಳೆ ಬಂದರೂ ಸ್ವಲ್ಪ ಹೊತ್ತಿಗೆ ಒಣಗಿರುತ್ತದೆ. ಹಿಂದೆ ಇಲ್ಲೆಲ್ಲ ಉದ್ದ ಎಲೆಯ ಪೈನ್ ಮರಗಳ ಕಾಡು. ಟರ್ಪೆಂಟೈನ್‌ಗೆ ಅಂತ ಮೊದಲು ಮರದ ಅಂಟು ಇಳಿಸಿದರು, ಆಮೇಲೆ ಮರಗಳನ್ನೇ ಕಡಿದರು. 1895ರಲ್ಲಿ ಬಾಸ್ಟನ್‌ನ ಜೇಮ್ಸ್ ವಾಕರ್ ಟಫ್ಟ್ಸ್ ಅನ್ನುವವರು ಈ ಬೋಳು ನೆಲ ಕೊಂಡು ಊರು ಕಟ್ಟಿದರು. ಸೋಡಾ ಯಂತ್ರಗಳ ವ್ಯಾಪಾರದಲ್ಲಿ ದುಡ್ಡು ಮಾಡಿದವರು ಅವರು. 1900ರಲ್ಲಿ ಸ್ಕಾಟ್ಲೆಂಡಿನ ಡಾರ್ನಕ್ ಊರಿನ ಡೊನಾಲ್ಡ್ ರಾಸ್ ಇಲ್ಲಿಗೆ ಬಂದು ಸೇರಿಕೊಂಡರು. ಅವರು ರೂಪಿಸಿದ ನಂಬರ್ 2 ಮೈದಾನ 1907ರಲ್ಲಿ ಶುರುವಾಯಿತು. ರಾಸ್ ಅಮೆರಿಕದ ಉದ್ದಗಲಕ್ಕೂ ನೂರಾರು ಮೈದಾನ ಮಾಡಿದರು, ಆದರೆ ಇದರ ಮೇಲಿನ ಕೈ ಮಾತ್ರ ತೆಗೆಯಲಿಲ್ಲ. ಮೂರನೇ ಹೋಲ್‌ನ (ಮೊದಲ ಹೊಡೆತದ ಜಾಗದಿಂದ ಕುಳಿಯ ತನಕದ ಒಂದೊಂದು ಆಟದ ದಾರಿಗೂ ಹೋಲ್ ಅಂತಾರೆ) ಪಕ್ಕದಲ್ಲೇ ಮನೆ ಮಾಡಿಕೊಂಡು, 1948ರಲ್ಲಿ ತೀರಿಕೊಳ್ಳುವ ತನಕ ತಿದ್ದುತ್ತಲೇ ಇದ್ದರು.

ಅವರ ಕಾಲದಲ್ಲಿ ಮೈದಾನ ಅಗಲವಾಗಿತ್ತು. ನಡುವೆ ಹುಲ್ಲು, ಆಚೆ ಈಚೆ ಬರೀ ಮರಳು, ಪೈನ್ ಮರದ ಸೂಜಿ ಎಲೆ, ಅಲ್ಲಲ್ಲಿ ವೈರ್‌ಗ್ರಾಸ್ ಅನ್ನೋ ಕಾಡುಹುಲ್ಲಿನ ಬುಡ. ಚೆಂಡು ಎತ್ತ ಹೊಡೆದರೆ ಮುಂದಿನ ಹೊಡೆತ ಸುಲಭ ಅಂತ ಆಟಗಾರನೇ ಯೋಚಿಸಿಕೊಳ್ಳಬೇಕಿತ್ತು.

1970ರ ದಶಕದಲ್ಲಿ ಕೈ ಬದಲಾಯಿತು. ಹೊಸ ಮಾಲೀಕರಿಗೆ ಎಲ್ಲೆಲ್ಲೂ ಹಸಿರು ಕಾಣಬೇಕಿತ್ತು. ಮರಳಿನ ಮೇಲೆಲ್ಲ ಬರ್ಮುಡಾ ಹುಲ್ಲು ಹಬ್ಬಿಸಿದರು. ಅಪ್ಪ, ಬರ್ಮುಡಾ ಅಂದರೆ ಯಾವುದು ಅಂದುಕೊಂಡಿರಿ? ನಮ್ಮ ಗರಿಕೆ! ಕಡ್ಲೆಕಾಯಿ ಹೊಲದಿಂದ ನೀವು ಕಿತ್ತು ಕಿತ್ತು ಬದುವಿಗೆ ಎಸೆಯುತ್ತಿದ್ದ, ಗಣಪತಿ ಹಬ್ಬದ ದಿನ ಅಮ್ಮ ಹುಡುಕಿಸುತ್ತಿದ್ದ ಅದೇ ಗರಿಕೆ. ಇಲ್ಲಿನವರು ಅದರ ಮಿಶ್ರತಳಿಗಳನ್ನು ಮಾಡಿಕೊಂಡು ದುಡ್ಡು ಸುರಿದು ಬೆಳೆಸುತ್ತಾರೆ. ಮರಳಲ್ಲಿ ಅದು ಹಸಿರಾಗಿ ನಿಲ್ಲಬೇಕಾದರೆ ನೀರು, ಗೊಬ್ಬರ ಎರಡೂ ತಪ್ಪದೆ ಬೀಳಬೇಕು. ಹಾಗಾಗಿ ಸಾವಿರಕ್ಕೂ ಜಾಸ್ತಿ ಸ್ಪ್ರಿಂಕ್ಲರ್ ಕೂರಿಸಿದರು.

ಈಗ ಆಟದ ಕಡೆ ಬರುತ್ತೇನೆ. ಯು.ಎಸ್. ಓಪನ್ ಅಂತ ಇಲ್ಲಿನ ದೊಡ್ಡ ಪಂದ್ಯ. ಅದು ಕಷ್ಟವಾಗಿರಬೇಕು ಅನ್ನೋದೇ ಅದನ್ನು ನಡೆಸುವವರ ಹಟ. ಗಾಲ್ಫ್‌ನಲ್ಲಿ ಕಡಿಮೆ ಹೊಡೆತಕ್ಕೆ ಮುಗಿಸಿದವರೇ ಗೆಲ್ಲೋದು; ನಂಬರ್ 2ರಲ್ಲಿ ಒಂದು ಸುತ್ತಿಗೆ ನಿಗದಿ ಮಾಡಿದ ಹೊಡೆತ 70, ನಾಲ್ಕು ದಿನಕ್ಕೆ 280. 1999ರಲ್ಲಿ ಗೆದ್ದ ಪೇನ್ ಸ್ಟೂವರ್ಟ್ 279ಕ್ಕೆ ಮುಗಿಸಿದರು. 280ಕ್ಕಿಂತ ಕೆಳಗೆ ಬಂದವರು ಅವರೊಬ್ಬರೇ. 2005ರಲ್ಲಿ ಮೈಕೆಲ್ ಕ್ಯಾಂಪ್‌ಬೆಲ್ ಸರಿಯಾಗಿ 280ಕ್ಕೆ ಗೆದ್ದರು. ಕಷ್ಟ ಹೇಗೆ ತಂದರು ಅಂದರೆ, ಆಡುವ ದಾರಿಯನ್ನು ಕಿರಿದು ಮಾಡಿ ಎರಡೂ ಬದಿಗೆ ಗರಿಕೆಯನ್ನು ಉದ್ದ ಬಿಟ್ಟು. ಚೆಂಡು ಪಕ್ಕಕ್ಕೆ ಹೋದರೆ ಹುಲ್ಲೊಳಗೆ ಹೂತುಕೊಳ್ಳುತ್ತದೆ. ಸುಮ್ನೆ ಹೊರಗೆ ತೆಗೆದು ಮುಂದೆ ಹೋಗಬೇಕು, ಬೇರೆ ದಾರಿ ಇಲ್ಲ.

ನನಗೆ ಆ ಥರದ ಕಷ್ಟ ಇಷ್ಟವಾಗೋದಿಲ್ಲ. ಎಲ್ಲರಿಗೂ ಒಂದೇ ಶಿಕ್ಷೆ, ಒಂದೇ ಉತ್ತರ. ಚಾಣಾಕ್ಷನಿಗೂ ಸಾಧಾರಣ ಆಟಗಾರನಿಗೂ ಅಲ್ಲಿ ವ್ಯತ್ಯಾಸ ಕಾಣೋದಿಲ್ಲ. ಈಗಿನ ವೃತ್ತಿಪರರ ಬಲ ಬೇರೆ ಹೆಚ್ಚಿದೆ. 1980ರಲ್ಲಿ ಅಮೆರಿಕದ ಪಿಜಿಎ ಟೂರ್ ಅನ್ನೋ ವೃತ್ತಿಪರ ಪಂದ್ಯಸರಣಿಯ ಆಟಗಾರರು ಡ್ರೈವರ್‌ನಿಂದ, ಅಂದರೆ ದೂರ ಹೊಡೆಯುವ ಕೋಲಿನಿಂದ, ಸರಾಸರಿ 257 ಗಜದ ಆಸುಪಾಸು ಹೊಡೆಯುತ್ತಿದ್ದರು. ಈಗ ಅದು 300ರ ಆಸುಪಾಸು. ಟೈಟಾನಿಯಂ ಕ್ಲಬ್ (ಹೊಡೆಯುವ ಕೋಲು), ಹೊಸ ಬಗೆಯ ಚೆಂಡು, ಜಿಮ್, ಎಲ್ಲ ಸೇರಿ ಆದದ್ದು. ಇದಕ್ಕೆ ಎಲ್ಲರೂ ಕಂಡುಕೊಂಡ ಮದ್ದು ಮೈದಾನವನ್ನು ಉದ್ದ ಮಾಡೋದು. ಮಾಸ್ಟರ್ಸ್ ಅನ್ನೋ ಇನ್ನೊಂದು ದೊಡ್ಡ ಪಂದ್ಯ ನಡೆಯುವ ಅಗಸ್ಟಾ ಮೈದಾನದಲ್ಲಿ ಪಕ್ಕದ ಗಾಲ್ಫ್ ಕ್ಲಬ್ಬಿನಿಂದ ಜಾಗ ಕೊಂಡು, 13ನೇ ಹೋಲನ್ನು 2023ರಲ್ಲಿ 510ರಿಂದ 545 ಗಜಕ್ಕೆ ಎಳೆದರು. ಅಷ್ಟು ದುಡ್ಡು, ಅಷ್ಟು ಜಾಗ ಎಷ್ಟು ಕ್ಲಬ್ಬಿಗಿರುತ್ತದೆ ಹೇಳಿ.

ಪೈನ್‌ಹರ್ಸ್ಟ್‌ನವರು ಬೇರೆ ದಾರಿ ಹಿಡಿದರು, 2010ರಲ್ಲಿ ನಂಬರ್ 2 ಅನ್ನು ಸರಿಮಾಡುವ ಕೆಲಸವನ್ನು ಗಾಲ್ಫ್ ಮೈದಾನ ರೂಪಿಸುವ ಬಿಲ್ ಕೂರ್ ಮತ್ತು ಬೆನ್ ಕ್ರೆನ್‌ಶಾ ಕೈಗೆ ಕೊಟ್ಟರು. ಕೂರ್ ಇದೇ ರಾಜ್ಯದವರು, ಹುಡುಗನಾಗಿದ್ದಾಗ ಇಲ್ಲಿ ಆಡಿದವರು. ಕ್ರೆನ್‌ಶಾ ಎರಡು ಸಲ ಮಾಸ್ಟರ್ಸ್ ಗೆದ್ದ ಆಟಗಾರ. ಇಬ್ಬರೂ ಹೊಸದೇನೋ ಕಟ್ಟೋಕೆ ಹೋಗಲಿಲ್ಲ, ರಾಸ್ ಮಾಡಿದ್ದು ಹೇಗಿತ್ತು ಅಂತ ಹುಡುಕಿದರು. ಊರಿನಲ್ಲಿ ಟಫ್ಟ್ಸ್ ಆರ್ಕೈವ್ಸ್ ಅಂತ ದಾಖಲೆ ಸಂಗ್ರಹ ಇದೆ, ಹಳೆಯ ಫೋಟೋ, ನಕ್ಷೆ ಎಲ್ಲ ಜೋಪಾನವಾಗಿ ಇಟ್ಟಿದ್ದಾರೆ. ಜೊತೆಗೆ 1943ರ ಕ್ರಿಸ್‌ಮಸ್ ದಿನ ಆಕಾಶದಿಂದ ತೆಗೆದ ಒಂದು ಫೋಟೋ ಸಿಕ್ಕಿತು. ಅದರಲ್ಲಿ ಹುಲ್ಲು ಎಲ್ಲಿ ಮುಗಿದು ಮರಳು ಎಲ್ಲಿ ಶುರು ಅನ್ನೋದು ಕಾಣುತ್ತಿತ್ತು.

ನನಗೆ ಅದಕ್ಕಿಂತ ಹಿಡಿಸಿದ್ದು ಪೈಪಿನ ಕಥೆ. ರಾಸ್ ಕಾಲದಲ್ಲಿ ಪ್ರತಿ ಹೋಲ್‌ನ ನಡುವೆ ಒಂದೇ ಸಾಲು ನೀರಿನ ಪೈಪು ಹಾಕಿದ್ದರು. ಆ ಹಳೇ ಪೈಪು ಇನ್ನೂ ನೆಲದೊಳಗೇ ಇತ್ತು. ಅದನ್ನು ಹುಡುಕಿಕೊಂಡು ಹೋದರೆ ಮೊದಲಿನ ಆಟದ ದಾರಿಯ ನಟ್ಟನಡು ಸಿಕ್ಕಿಬಿಡುತ್ತಿತ್ತು. ಅಲ್ಲಿಂದ ನೀರು ಎಷ್ಟು ದೂರ ಎರಚುತ್ತದೋ ಅಷ್ಟಕ್ಕೇ ಹುಲ್ಲು. ಅದರಾಚೆ ನೆಲಕ್ಕೆ ಬಂದದ್ದು ಬರಲಿ ಅಂತ ಬಿಟ್ಟದ್ದು. ನೀರಾವರಿ ಕೆಲಸ ಮಾಡುವವಳಾಗಿ ನನಗೆ ಇದಕ್ಕಿಂತ ಚಂದದ ನಕ್ಷೆ ಬೇರೆ ಕಾಣಲಿಲ್ಲ.

ಆಮೇಲೆ ಕೀಳೋದು ಶುರುವಾಯಿತು. ಒಂದೆರಡು ಗುಂಟೆಯಲ್ಲ, 35 ಎಕರೆಗೂ ಜಾಸ್ತಿ ಗರಿಕೆ ತೆಗೆದರು. ಗರಿಕೆ ಕಿತ್ತರೆ ಹೋಗುತ್ತದಾ, ನಿಮಗೆ ಗೊತ್ತಲ್ಲ. ಒಂದು ಗೆಣ್ಣು ಉಳಿದರೂ ಮತ್ತೆ ಹಬ್ಬುತ್ತದೆ. ಅದರ ಜಾಗದಲ್ಲಿ ವೈರ್‌ಗ್ರಾಸ್ ಸಸಿಗಳನ್ನು ಕೈಯಿಂದ ನೆಟ್ಟರು, ಒಂದು ಲಕ್ಷಕ್ಕೂ ಜಾಸ್ತಿ. ಸ್ಪ್ರಿಂಕ್ಲರ್‌ಗಳು 450ರ ಆಸುಪಾಸಿಗೆ ಇಳಿದವು. ನೀರಿನ ಖರ್ಚು ಮೊದಲಿನ ಅರ್ಧಕ್ಕೂ ಕಡಿಮೆಯಾಯಿತು. 2011ರಲ್ಲಿ ಮೈದಾನ ಮತ್ತೆ ತೆರೆಯಿತು. ಯು.ಎಸ್. ಓಪನ್ ಆಡುವ ಮೈದಾನದಲ್ಲಿ ಉದ್ದ ಹುಲ್ಲೇ ಇಲ್ಲ ಅಂದರೆ ಬಹಳ ಜನಕ್ಕೆ ನಂಬಿಕೆ ಬರಲಿಲ್ಲ.

ನಾವು ಕೆಲಸದವರೆಲ್ಲ ಒಟ್ಟಿಗೆ ಒಂದು ಬೆಳಗ್ಗೆ ಹೋಗಿ ನೋಡಿಬಂದೆವು. ಒಂದು ವೈರ್‌ಗ್ರಾಸ್ ಬುಡದ ಹತ್ತಿರ ಕುಕ್ಕರುಗಾಲಲ್ಲಿ ಕೂತು ನೋಡಿದೆ. ತಂತಿಯಷ್ಟೇ ಸಣ್ಣ ಎಲೆ, ಬುಡದಲ್ಲಿ ಕಂದು, ತುದಿಯಲ್ಲಿ ಹಸಿರು. ಎರಡು ಬುಡಗಳ ನಡುವೆ ಒಂದು ಮೊಳ ಬರೀ ಮರಳು. ಚೆಂಡು ಆ ಮರಳ ಮೇಲೆ ನಿಂತರೆ ಚೆನ್ನಾಗಿ ಹೊಡೆಯಬಹುದು. ಒಂದು ಗೇಣು ಆಚೆ ಉರುಳಿ ಬುಡಕ್ಕೆ ಒರಗಿದರೆ ಕ್ಲಬ್ ಬೀಸೋಕೂ ಜಾಗ ಇರೋದಿಲ್ಲ. ಅಂದರೆ ಆಟಗಾರ ಚೆಂಡಿನ ಹತ್ತಿರ ಹೋಗೋ ತನಕ ತನಗೇನು ಕಾದಿದೆ ಅಂತ ಗೊತ್ತಿರೋದಿಲ್ಲ. ಹೋದ ಮೇಲೂ ಧೈರ್ಯ ಮಾಡಿ ನೇರ ಕುಳಿಯ ಕಡೆಗೇ ಹೊಡೆಯೋದಾ, ಹುಷಾರಾಗಿ ಪಕ್ಕಕ್ಕೆ ತೆಗೆಯೋದಾ ಅಂತ ತಾನೇ ತೀರ್ಮಾನ ಮಾಡಬೇಕು. ಉದ್ದ ಹುಲ್ಲು ಈ ಆಯ್ಕೆಯನ್ನು ಕೊಡುತ್ತಲೇ ಇರಲಿಲ್ಲ.

ಇನ್ನು ಗ್ರೀನ್, ಕುಳಿ ಇರುವ ನುಣ್ಣನೆ ಜಾಗ. ಇಲ್ಲಿನ ಗ್ರೀನ್‌ಗಳು ಕವುಚಿ ಹಾಕಿದ ಬಾಣಲೆಯ ಹಾಗೆ, ನಡುವೆ ಉಬ್ಬು, ಸುತ್ತ ಇಳಿಜಾರು. ವರ್ಷ ವರ್ಷ ಮೇಲೆ ಮರಳು ಹರಡುತ್ತಾ ಬಂದು ಉಬ್ಬು ಇನ್ನೂ ಹೆಚ್ಚಾಗಿದೆ ಅಂತಲೂ ಹೇಳುತ್ತಾರೆ. ನಮ್ಮ ಜೊತೆಗಿದ್ದ ಒಬ್ಬರು ಐದನೇ ಹೋಲ್‌ನ ಗ್ರೀನ್ ಅಂಚಿನಲ್ಲಿ ಚೆಂಡನ್ನು ಮೆಲ್ಲಗೆ ಕೈಯಿಂದ ಬಿಟ್ಟರು. ನಿಂತಿತು ಅಂದುಕೊಂಡೆವು. ಒಂದು ಕ್ಷಣ ಬಿಟ್ಟು ಅರ್ಧ ಸುತ್ತು ಉರುಳಿತು, ಮತ್ತೆ ಅರ್ಧ, ಆಮೇಲೆ ತಡೆಯೇ ಇಲ್ಲದೆ ಕೆಳಗಿನ ತಗ್ಗಿಗೆ ಹೋಗಿ ನಿಂತಿತು. ಸುತ್ತಲೂ ಉದ್ದ ಹುಲ್ಲಿದ್ದಿದ್ದರೆ ಅದೇ ಚೆಂಡನ್ನು ಹುಲ್ಲು ಅಲ್ಲೇ ಹಿಡಿದುಕೊಳ್ಳುತ್ತಿತ್ತು. ಅಪ್ಪ, ಹುಲ್ಲು ಆಟಗಾರನನ್ನು ಕಾಯುತ್ತದೆ. ಗಿಡ್ಡ ಮಾಡಿ, ನೀರು ಕಡಿಮೆ ಮಾಡಿ, ನೆಲ ಗಟ್ಟಿಯಾಗಿ ಬಿಟ್ಟರೆ ಆ ಕಾವಲು ಹೋಗುತ್ತದೆ.

ಟೀಗಳನ್ನು, ಅಂದರೆ ಮೊದಲ ಹೊಡೆತ ಹೊಡೆಯುವ ಜಾಗಗಳನ್ನು, ಅಲ್ಲಲ್ಲಿ ಹಿಂದಕ್ಕೂ ಸರಿಸಿದರು ಅನ್ನೋದನ್ನು ಹೇಳದಿದ್ದರೆ ಪೂರ್ತಿ ನಿಜ ಹೇಳಿದ ಹಾಗಾಗೋದಿಲ್ಲ. ಈಗ ಒಟ್ಟು ಉದ್ದ 7,500 ಗಜಕ್ಕೂ ಜಾಸ್ತಿ. ಆದರೆ ಉದ್ದವೊಂದರಿಂದಲೇ ಈ ಮೈದಾನ ನಿಂತಿಲ್ಲ.

2014ರಲ್ಲಿ ಪರೀಕ್ಷೆ ಬಂತು. ಗಂಡಸರ ಯು.ಎಸ್. ಓಪನ್ ಮುಗಿದ ಮರುವಾರವೇ ಹೆಂಗಸರದ್ದೂ ಇದೇ ಮೈದಾನದಲ್ಲಿ ನಡೆಯಿತು. ಹಾಗೆ ಬೆನ್ನಿಗೆ ಬೆನ್ನು ನಡೆದದ್ದು ಅದೇ ಮೊದಲು. ಟಿವಿಯಲ್ಲಿ ಕಂದು ಬಣ್ಣದ ನೆಲ ನೋಡಿ ಕೆಲವರು ಬೈದರು, ಹುಲ್ಲು ಸತ್ತಿದೆ ಅಂದುಕೊಂಡರು. ಗಂಡಸರಲ್ಲಿ ಜರ್ಮನಿಯ ಮಾರ್ಟಿನ್ ಕೈಮರ್ ನಿಗದಿಗಿಂತ 9 ಕಡಿಮೆ ಹೊಡೆತಕ್ಕೆ ಗೆದ್ದರು. ಇದನ್ನು ತೋರಿಸಿ ಮೈದಾನ ಸುಲಭವಾಯಿತು ಅನ್ನುವವರು ಈಗಲೂ ಇದ್ದಾರೆ. ನಾನು ಒಪ್ಪೋದಿಲ್ಲ. ಇಡೀ ಪಂದ್ಯದಲ್ಲಿ 280ಕ್ಕಿಂತ ಕೆಳಗೆ ಬಂದವರು ಮೂರೇ ಜನ. ಎರಡನೇ ಸ್ಥಾನದವರು ಕೈಮರ್‌ಗಿಂತ ಎಂಟು ಹೊಡೆತ ಹಿಂದಿದ್ದರು. ಗ್ರೀನ್ ಹೊರಗಿಂದ ಕೈಮರ್ ಎತ್ತಿ ಹೊಡೆಯುವ ಬದಲು, ಚೆಂಡು ಉರುಳಿಸೋಕೆ ಇರುವ ಪಟರ್ ಅನ್ನೋ ಕೋಲು ಹಿಡಿದು ನೆಲದ ಮೇಲೇ ಉರುಳಿಸಿದರು. ಒಬ್ಬ ಆಟಗಾರ ನೆಲವನ್ನು ಸರಿಯಾಗಿ ಓದಿದರೆ ಬೇರೆಯವರಿಗಿಂತ ಎಷ್ಟು ಮುಂದೆ ಹೋಗಬಹುದು ಅನ್ನೋದನ್ನು ಆ ಮೈದಾನ ತೋರಿಸಿತು. ಹೆಂಗಸರಲ್ಲಿ ಮಿಶೆಲ್ ವೀ ಗೆದ್ದರು.

2024ರಲ್ಲಿ ಮತ್ತೆ ಯು.ಎಸ್. ಓಪನ್ ಇಲ್ಲಿಗೆ ಬಂತು. ಅಷ್ಟರಲ್ಲಿ ಗ್ರೀನ್‌ಗಳಿಗೂ ಗರಿಕೆಯದ್ದೇ ಒಂದು ಕುಳ್ಳ ತಳಿ ಹಾಕಿದ್ದರು, ಜೂನ್ ಬಿಸಿಲು ತಡೆಯಲಿ ಅಂತ. ಆಗಿನ ನಂಬರ್ ಒನ್ ಆಟಗಾರ ಸ್ಕಾಟಿ ಶೆಫ್ಲರ್ ನಿಗದಿಗಿಂತ 8 ಜಾಸ್ತಿ ಹೊಡೆದು ಎಲ್ಲೋ ಹಿಂದೆ ಉಳಿದರು. ಕೊನೆಯ ದಿನ ರೋರಿ ಮ್ಯಾಕ್‌ಇಲ್ರಾಯ್ ಮುಂದಿದ್ದವರು, ಕೊನೆಯ ಮೂರು ಹೋಲ್‌ಗಳಲ್ಲಿ ಎರಡು ಸಲ ನಾಲ್ಕು ಅಡಿಗೂ ಕಡಿಮೆ ದೂರದ ಪಟ್ (ಕುಳಿಗೆ ಉರುಳಿಸುವ ಹೊಡೆತ) ತಪ್ಪಿಸಿದರು. ಬ್ರೈಸನ್ ಡಿಶಾಂಬೋ ಕೊನೆಯ ಹೋಲ್‌ನಲ್ಲಿ ಮೊದಲ ಹೊಡೆತವನ್ನೇ ಎಡಕ್ಕೆ ಆ ಮರಳು, ಕಾಡುಹುಲ್ಲಿನ ನಡುವೆ ಕಳಿಸಿದರು. ಅಲ್ಲಿಂದ ಬಂಕರ್‌ಗೆ, ಅಂದರೆ ಮರಳಿನ ಗುಂಡಿಗೆ. ಆ ಬಂಕರ್‌ನಿಂದ 55 ಗಜ ದೂರದ ಕುಳಿಯ ಹತ್ತಿರಕ್ಕೆ, ನಾಲ್ಕು ಅಡಿಗೆ ತಂದು ನಿಲ್ಲಿಸಿ ಒಂದೇ ಹೊಡೆತದ ಅಂತರದಲ್ಲಿ ಗೆದ್ದರು. ಆಟದಲ್ಲೇ ಅತಿ ದೂರ ಹೊಡೆಯುವವರಲ್ಲಿ ಅವರೊಬ್ಬರು. ಅಂಥವರನ್ನೂ ಗೆಲ್ಲಿಸಿದ್ದು ಮರಳಿನಲ್ಲಿ ಕೈ ನಾಜೂಕು. ವೃತ್ತಿಪರರಿಗೆ ಪರೀಕ್ಷೆ ಅಂದರೆ ಹೀಗಿರಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ. 2029ರಲ್ಲಿ ಗಂಡಸರದ್ದು, ಹೆಂಗಸರದ್ದು ಎರಡೂ ಪಂದ್ಯ ಮತ್ತೆ ಇಲ್ಲಿಗೆ ಬರುತ್ತವೆ.

ನನ್ನ ಕೆಲಸದ ಜಾಗದಲ್ಲಿ ಇನ್ನೂ ಅಷ್ಟು ಧೈರ್ಯ ಬಂದಿಲ್ಲ. ಆದರೆ ಈ ಬೇಸಿಗೆಯಿಂದ ನಾವೂ ನೀರು ಕಡಿಮೆ ಮಾಡುತ್ತಿದ್ದೇವೆ. ಬೆಳಗ್ಗೆ ಬೆಳಕು ಹರಿಯುವ ಮೊದಲೇ ಗ್ರೀನ್ ಮೇಲೆ ಎರಡು ಮುಳ್ಳಿನ ಒಂದು ಉಪಕರಣ ಊರಿ ತೇವ ನೋಡೋದು ನನ್ನ ಕೆಲಸ. ಯಾವ ಜಾಗ ಒಣಗಿದೆಯೋ ಅಲ್ಲಿಗೆ ಮಾತ್ರ ಕೈಪೈಪಿನಿಂದ ನೀರು, ಉಳಿದದ್ದಕ್ಕೆ ಇಲ್ಲ. ಸದಸ್ಯರು ಹುಲ್ಲಿನ ಬಣ್ಣ ಹೋಯಿತು ಅಂತ ಗೊಣಗುತ್ತಾರೆ. ನಾನು ಚೆಂಡು ಉರುಳಿಸಿ ತೋರಿಸುತ್ತೇನೆ.

ಬೋರ್‌ವೆಲ್ ಮೋಟರ್ ಮೇಲೆತ್ತಿಸೋಕೆ ದುಡ್ಡು ಈ ವಾರ ಬ್ಯಾಂಕಿಗೆ ಹಾಕುತ್ತೇನೆ. ತಮ್ಮನ ಹಾಸ್ಟೆಲ್ ಫೀಸೂ ಅದರಲ್ಲೇ ಸೇರಿದೆ. ಮಂಡಿನೋವಿಗೆ ಡಾಕ್ಟರ್ ಹತ್ತಿರ ಹೋಗಿಬನ್ನಿ ಅಪ್ಪ, ಮುಂದಕ್ಕೆ ಹಾಕಬೇಡಿ. ಚಳಿಗಾಲದಲ್ಲಿ ಇಲ್ಲಿ ಗರಿಕೆ ಮಲಗಿಬಿಡುತ್ತದೆ, ಕೆಲಸ ಕಡಿಮೆ. ಸಂಕ್ರಾಂತಿಗೆ ರಜೆ ಕೇಳಿದ್ದೇನೆ. ಸಿಕ್ಕ ಕೂಡಲೇ ಟಿಕೆಟ್ ವಿಷಯ ಫೋನ್ ಮಾಡಿ ಹೇಳುತ್ತೇನೆ.

ಇಂತಿ ನಿಮ್ಮ ಮಗಳು,
ಸುಮಾ