ಗಾಜಿನ ಮೇಲಿನ ಕನ್ನಡ ಯಾಕೆ ಮಂಕು?

ಸಂಪಾದಕರಿಗೆ ನಮಸ್ಕಾರ.

ಹೋದ ವಾರ ನಿಮ್ಮ ಓದುಗರ ಪತ್ರದ ಜಾಗದಲ್ಲಿ ಒಬ್ರು ಬರೆದಿದ್ರು, 2024ರ ತಿದ್ದುಪಡಿ ಕಾಯ್ದೆಯಿಂದ ಬೋರ್ಡಲ್ಲಿ 60 ಪರ್ಸೆಂಟ್ ಕನ್ನಡ ಕಡ್ಡಾಯ ಆದ್ಮೇಲೆ ಅಂಗಡಿಯವ್ರು ಗಾಜಿನ ಬಾಗಿಲ ಮೇಲೆ ಕನ್ನಡ ಹಾಕ್ಸಿದ್ದಾರೆ ಸರಿ, ಆದ್ರೆ ಕಣ್ಣು ಕಿರಿದು ಮಾಡ್ಕೊಂಡ್ರೂ ಓದೋಕಾಗಲ್ಲ, ಬೇಕು ಅಂತ್ಲೇ ಮಂಕಾಗಿ ಹಾಕ್ಸ್ತಾರೆ ಅಂತ. ನಾನು ತುಮಕೂರಲ್ಲಿ ಬೋರ್ಡು, ಸ್ಟಿಕರ್ ಪ್ರಿಂಟ್ ಮಾಡೋ ಅಂಗಡಿ ಇಟ್ಕೊಂಡಿರೋನು. ಬೇಕು ಅಂತ ಮಾಡೋರು ಇರಬಹುದು, ಇಲ್ಲ ಅನ್ನಲ್ಲ, ಆದ್ರೆ ಬಹಳಷ್ಟು ಕಡೆ ತಪ್ಪು ಅಂಗಡಿಯವ್ರದ್ದಲ್ಲ, ನಮ್ದು, ಪ್ರಿಂಟ್ ಮಾಡೋರ್ದು. ಸಾಫ್ಟ್‌ವೇರಲ್ಲಿ ವೈಟ್ ಲೇಯರ್, ಅಂದ್ರೆ ಕಲರ್ ಜೊತೆ ಹೊಡೆಯೋ ಬಿಳಿ ಇಂಕಿನ ಪದರ, ಸರಿಯಾಗಿ ಕೂರಿಸೋಕೆ ನಮ್ಗೆ ಯಾರೂ ಹೇಳ್ಕೊಟ್ಟಿಲ್ಲ.

ಪ್ರಿಂಟರಿನ ನಾಲ್ಕು ಕಲರ್ ಇಂಕೂ ತೆಳು, ಹಿಂದಿರೋದು ಕಾಣುತ್ತೆ. ನಿಮ್ಮ ಪೇಪರಲ್ಲಿ ಕೆಂಪು ಕೆಂಪಾಗೇ ಕಾಣೋದು ಅಡಿಯಲ್ಲಿ ಬಿಳಿ ಕಾಗದ ಇರೋದಕ್ಕೆ. ಗಾಜಿಗೆ ಅಂಟಿಸೋ ಟ್ರಾನ್ಸ್‌ಪರೆಂಟ್ ವಿನೈಲ್‌ಗೆ ಆ ಬಿಳಿ ಎಲ್ಲಿಂದ ಬರ್ಬೇಕು? ಅದನ್ನೂ ಇಂಕಲ್ಲೇ ಹೊಡೀಬೇಕು.

ನಾನು ಸಾಲ ಮಾಡಿ ವೈಟ್ ಇಂಕ್ ಇರೋ ಮೆಷಿನ್ ತಂದಾಗ ಕಂಪನಿ ಹುಡುಗ ಎರಡು ಗಂಟೆ ಕೂತು, ಟೀ ಕುಡಿದು, "ವೈಟ್ ಆಟೋಮ್ಯಾಟಿಕ್ಕಾಗಿ ಬರುತ್ತೆ ಸಾರ್" ಅಂತ ಹೇಳಿ ಬಸ್ ಹತ್ತಿದ. ಮೊದಲ ಆರ್ಡರ್ರು ಒಂದು ದಂತ ಚಿಕಿತ್ಸಾಲಯದ ಬಾಗಿಲು. ಅಕ್ಷರ ಕೆಂಪು, ಹಿಂದೆ ಬಿಳಿ ಅಂತ ಡಿಸೈನ್ ಮಾಡಿ ಪ್ರಿಂಟ್ ತೆಗೆದು ಒಳಗಡೆಯಿಂದ ಅಂಟಿಸಿ ಬಂದೆ. ಹಗಲು ಹೊರಗಡೆಯಿಂದ ನೋಡಿದ್ರೆ ಅಕ್ಷರನೇ ಇಲ್ಲ, ಹಿಂದಿನ ಕತ್ತಲೆ ರೂಮಿನ ಜೊತೆ ಸೇರ್ಕೊಂಡ್ಬಿಟ್ಟಿದೆ, ಸಂಜೆ ಒಳಗೆ ಲೈಟ್ ಹಾಕಿದ್ಮೇಲೆ ಚೆನ್ನಾಗಿ ಹೊಳೀತು. ಡಾಕ್ಟ್ರು ಫೋನ್ ಮಾಡಿ "ಏನಪ್ಪಾ, ನಿನ್ ಬೋರ್ಡು ನೈಟ್ ಶಿಫ್ಟಾ?" ಅಂದ್ರು.

ಆಗಿದ್ದೇನಂದ್ರೆ ಕೋರಲ್‌ಡ್ರಾ ಅನ್ನೋ ಡಿಸೈನ್ ಪ್ರೋಗ್ರಾಂನಲ್ಲಿ ನಾನು ತುಂಬಿದ ಬಿಳಿ ಸಾಫ್ಟ್‌ವೇರ್ ಲೆಕ್ಕದಲ್ಲಿ ಬಿಳಿ ಅಲ್ಲ, ಖಾಲಿ ಜಾಗ. ವೈಟ್‌ಗೆ ಒಂದು ಸ್ಪಾಟ್ ಕಲರ್, ಅಂದ್ರೆ ಹೆಸರಿಟ್ಟ ಪ್ರತ್ಯೇಕ ಬಣ್ಣ, ಬೇರೆ ಮಾಡ್ಬೇಕು, ಅದರ ಹೆಸರು, ಡಿಸೈನನ್ನ ಪ್ರಿಂಟರ್‌ಗೆ ಅರ್ಥ ಆಗೋ ಹಾಗೆ ಮಾಡೋ ರಿಪ್ ಸಾಫ್ಟ್‌ವೇರ್ ಕೇಳೋ ಹೆಸರಿಗೆ ಅಕ್ಷರಕ್ಕಕ್ಷರ ಹೊಂದ್ಬೇಕು. ರೋಲ್ಯಾಂಡ್ ಪ್ರಿಂಟರ್ ಕಂಪನಿಯವರ ವರ್ಸಾವರ್ಕ್ಸ್ ಅನ್ನೋ ರಿಪ್ ಆದ್ರೆ ಆರ್‌ಡಿಜಿ, ಅಂಡರ್‌ಸ್ಕೋರ್, ವೈಟ್, ಎಲ್ಲಾ ಕ್ಯಾಪಿಟಲ್ಲು. ಬೇರೆಯವ್ರದಕ್ಕೆ ಬೇರೆ ಹೆಸರು. ಸ್ಕ್ರೀನ್ ಮೇಲೆ ಬಿಳಿ ಕಾಣಲ್ಲ ಅಂತ ಆ ಸ್ಪಾಟ್ ಕಲರ್‌ಗೆ ಪಿಂಕೋ ಮತ್ತೊಂದೋ ಕೊಟ್ಟಿರ್ತೀವಿ, ನಾನು ಎರಡನೇ ಸಲ ಹೆಸರಲ್ಲಿ ಒಂದು ಸ್ಪೇಸ್ ಜಾಸ್ತಿ ಹೊಡೆದಿದ್ದೆ, ರಿಪ್‌ಗೆ ಅದು ವೈಟ್ ಅಂತ ಗೊತ್ತಾಗ್ಲಿಲ್ಲ, ಮೂರಡಿ ಉದ್ದ ಪೂರ್ತಿ ಪಿಂಕ್ ಬಂತು. ಓವರ್‌ಪ್ರಿಂಟ್ (ಒಂದರ ಮೇಲೊಂದು ಇಂಕ್ ಬೀಳೋ ಸೆಟ್ಟಿಂಗ್) ಆನ್ ಮಾಡ್ದಿದ್ರೆ ಇನ್ನೊಂದು ಕಥೆ, ವೈಟ್ ಇರೋ ಕಡೆ ಕಲರೇ ಕಟ್ ಆಗೋಗುತ್ತೆ.

ಆಮೇಲೆ ಲೇಯರ್ ಆರ್ಡರ್ರು. ಕಪ್ಪು ಅಕ್ರಿಲಿಕ್ ಶೀಟ್ ಆದ್ರೆ ಮೊದ್ಲು ವೈಟು, ಮೇಲೆ ಕಲರ್ರು. ಗಾಜಿನ ಒಳಗಡೆಯಿಂದ ಅಂಟಿಸಿ ಹೊರಗಡೆಯಿಂದ ಓದೋದಾದ್ರೆ ಡಿಸೈನ್ ಮಿರರ್ ಮಾಡಿ ಮೊದ್ಲು ಕಲರ್ರು, ಅದರ ಮೇಲೆ ವೈಟು. ಎರಡೂ ಕಡೆಯಿಂದ ಕಾಣ್ಬೇಕು ಅಂದ್ರೆ ಕಲರ್-ವೈಟ್-ಕಲರ್, ಅದ್ರಲ್ಲಿ ಒಂದು ಕಡೆದು ಮಾತ್ರ ಉಲ್ಟಾ ಇರ್ಬೇಕು. ಒಂದೇ ಓಟದಲ್ಲಿ ಇಷ್ಟೂ ಆಗ್ಬೇಕಂದ್ರೆ ಇಂಕ್ ಚಿಮ್ಮೋ ಹೆಡ್ಡಿನ ನಾಜಲ್‌ಗಳನ್ನ ಲೇಯರ್‌ಗಳಿಗೆ ಭಾಗ ಮಾಡ್ಕೊಳುತ್ತೆ ಮೆಷಿನ್ನು, ಸ್ಪೀಡ್ ಬಿದ್ದೋಗುತ್ತೆ. ಚದರಡಿಗೆ ಯಾಕಷ್ಟು ಜಾಸ್ತಿ ಅಂತ ಜಗಳ ಆಡೋ ಗಿರಾಕಿಗಳು ದಯವಿಟ್ಟು ಇದನ್ನ ಓದ್ಕೊಳಿ.

ಮೂರನೇ ಸಲ ಆಗಿದ್ದನ್ನ ಯಾವ ಇಂಗ್ಲಿಷ್ ಮ್ಯಾನ್ಯುಯಲ್ಲೂ ಬರೆದಿರಲ್ಲ. ಕಲರ್ ಅಂಚಿಂದ ವೈಟ್ ಇಣುಕಬಾರ್ದು ಅಂತ ಸಾಫ್ಟ್‌ವೇರಲ್ಲಿ ಚೋಕ್ ಅಂತ ಇರುತ್ತೆ, ವೈಟನ್ನ ಸುತ್ತಲೂ ಒಂದೆರಡು ಪಿಕ್ಸೆಲ್ ಒಳಕ್ಕೆ ಎಳೀತದೆ. ನಾನು ಸೇಫ್ಟಿಗಿರ್ಲಿ ಅಂತ ಮೂರು ಹಾಕಿದ್ದೆ. 360 ಡಿಪಿಐಲಿ, ಅಂದ್ರೆ ಇಂಚಿಗೆ 360 ಚುಕ್ಕೆಯಲ್ಲಿ, ಮೂರು ಪಿಕ್ಸೆಲ್ ಅಂದ್ರೆ 0.2 ಮಿಲಿಮೀಟರ್, ಎರಡೂ ಕಡೆ ಸೇರಿ 0.4. ಇಂಗ್ಲಿಷಿನ ದಪ್ಪ ಅಕ್ಷರಕ್ಕೆ ಅದು ಏನೂ ಅಲ್ಲ. ಕೆಳಗೆ ಸಣ್ಣದಾಗಿ ಬರೆದಿದ್ದ ಕನ್ನಡದ ಒತ್ತಕ್ಷರದ ಗೆರೆ ಇರೋದೇ ಅರ್ಧ ಮಿಲಿಮೀಟರ್, ಅದ್ರಡಿಯ ವೈಟು ಹೆಚ್ಚುಕಮ್ಮಿ ಪೂರ್ತಿ ಹೋಯ್ತು. "ಚಿಕಿತ್ಸಾಲಯ"ದ ಸ ಒತ್ತು ಮಾತ್ರ ನೆರಳಿನ ಥರ ಮಂಕು. ಆ ಓದುಗರು ನೋಡಿದ್ದೂ ಇಂಥದ್ದೇ ಇರ್ಬೇಕು ಅಂತ ನನ್ನ ಗುಮಾನಿ. ಈಗ ಸಣ್ಣ ಕನ್ನಡ ಅಕ್ಷರ ಇದ್ರೆ ಚೋಕ್ ಸೊನ್ನೆ ಇಲ್ಲಾ ಒಂದು, ಫಾಂಟ್ ಸ್ವಲ್ಪ ದಪ್ಪ. ವೈಟ್ ಅಂಚಲ್ಲಿ ಕೂದಲೆಳೆಯಷ್ಟು ಕಂಡ್ರೆ ಕಾಣ್ಲಿ ಬಿಡಿ.

ಇನ್ನು ವೈಟ್ ಇಂಕಲ್ಲಿರೋದು ಟೈಟಾನಿಯಂ ಡೈಆಕ್ಸೈಡ್, ಭಾರ ಜಾಸ್ತಿ, ಅಂಬಲಿ ಥರ ತಳ ಕಟ್ಟುತ್ತೆ, ದಿನಾ ಬೆಳಿಗ್ಗೆ ಅಲ್ಲಾಡಿಸ್ದಿದ್ರೆ ಸೆಟ್ಟಿಂಗ್ ಎಲ್ಲಾ ಸರಿ ಇದ್ರೂ ವೈಟ್ ನೀರು ನೀರಾಗಿ ಬರುತ್ತೆ. ಇದು ಮೆಷಿನ್ ಇರೋರ್ಗೆಲ್ಲ ಗೊತ್ತು, ಮಾಡೋರು ಕಮ್ಮಿ.

ನಾನು ಕೇಳೋದು ಇಷ್ಟೇ. ಬೋರ್ಡಲ್ಲಿ ಕನ್ನಡ ಎಷ್ಟಿರ್ಬೇಕು ಅಂತ ಟೇಪ್ ಹಿಡಿದು ಅಳೆಯೋ ಸರ್ಕಾರ, ಆ ಬೋರ್ಡ್ ಮಾಡೋ ಹುಡುಗ್ರಿಗೆ ಐಟಿಐ, ಪಾಲಿಟೆಕ್ನಿಕ್‌ಗಳಲ್ಲಿ ಹದಿನೈದು ದಿನದ ಒಂದು ಕೋರ್ಸ್ ಕನ್ನಡದಲ್ಲೇ ಮಾಡ್ಲಿ. ನಮ್ಮ ಅಂಗಡಿ ಹುಡುಗ್ರು ಎಸ್ಸೆಸ್ಸೆಲ್ಸಿ ಓದಿದೋರು, ಕೈ ಚುರುಕು, ಇಂಗ್ಲಿಷ್ ಹೆಲ್ಪ್ ಫೈಲ್ ತೆಗೆದ್ರೆ ಸುಸ್ತಾಗ್ತಾರೆ. ಮೆಷಿನ್ ಮಾರೋ ಕಂಪನಿಗಳೂ ಡೆಮೋಗೆ ಬರುವಾಗ ಎಬಿಸಿಡಿ ಪ್ರಿಂಟ್ ತೆಗೆದು ತೋರ್ಸೋದು ಬಿಟ್ಟು ಒಂದು "ಚಿಕಿತ್ಸಾಲಯ", ಒಂದು "ವಸ್ತ್ರ ಮಳಿಗೆ" ತೆಗೆದು ತೋರ್ಸ್ಲಿ, ಒತ್ತು ಸರಿಯಾಗಿ ಬಂದ್ಮೇಲೇ ನಾವೂ ಚೆಕ್ ಬರೀತೀವಿ.

- ಬೋರ್ಡ್ ಪ್ರಿಂಟ್ ಅಂಗಡಿಯವ, ತುಮಕೂರು