ಸುರಂಗದೊಳಗೆ ಡಾಕ್ಟರು ಯಾಕೆ ಬಂದರು?

ಪೆರ್ಲ

ಪ್ರೀತಿಯ ತಮ್ಮಾ,

ನಿನ್ನ ಕಾದಂಬರಿಯ ಮೊದಲ ತೊಂಬತ್ತು ಪುಟ ಒಂದೇ ರಾತ್ರಿಗೆ ಮುಗಿಯಿತು. ಉಳಿದ ಇನ್ನೂರಕ್ಕೆ ಹನ್ನೆರಡು ದಿನ ಬೇಕಾಯಿತು. ವಿಮರ್ಶೆ ಇಷ್ಟರಲ್ಲೇ ಬಂತು, ಆದರೂ ಬರೆಯುತ್ತೇನೆ.

ಸುರಂಗದ ಅಧ್ಯಾಯ ಬರೆದ ಕೈಗೆ ನಮಸ್ಕಾರ. ಮುರಕಲ್ಲಿನ ಗುಡ್ಡದೊಳಗೆ ಒಬ್ಬನೇ ನುಸುಳಬಹುದಾದ ದಾರಿ, ಬೆನ್ನ ಹಿಂದೆ ಸಣ್ಣದಾಗುತ್ತ ಹೋಗುವ ಬೆಳಕು, ಮೇಣದ ಬತ್ತಿ ಮಂಕಾದರೂ ಹೊರಗೆ ಬಾರದೆ ಒರತೆಗಾಗಿ ಕೊರೆಯುತ್ತಲೇ ಇರುವ ನಾಯಕನ ಅಣ್ಣ. ಬತ್ತಿ ಮಂಕಾದರೆ ಒಳಗೆ ಗಾಳಿ ಸಾಲದು ಎಂದು ನಮ್ಮ ಕಡೆಯವರಿಗೆ ಗೊತ್ತು. ನೀನು ಅದನ್ನು ವಿವರಿಸಲು ಹೋಗಲಿಲ್ಲ, ಹಾಗಾಗಿ ನನಗೇ ಉಸಿರು ಕಟ್ಟಿತು.

ಆಮೇಲೆ ಏನಾಯಿತು ಮಾರಾಯ? ಮಂಗಳೂರಿನ ಮನೋವೈದ್ಯರು ಬಂದು ನಲವತ್ತು ಪುಟ ಪಾಠ ಮಾಡುತ್ತಾರೆ. ಅದೂ ತಪ್ಪು ಪಾಠ. ಸ್ಕಿಜೋಫ್ರೇನಿಯಾ ಎಂದರೆ ಒಬ್ಬನೊಳಗೆ ಇಬ್ಬರು ಕೂತಿರುವುದಲ್ಲ. ಇಲ್ಲದ ದನಿ ಕೇಳುವುದು, ಯಾರೋ ಬೆನ್ನು ಹತ್ತಿದ್ದಾರೆಂದು ಬಲವಾಗಿ ನಂಬುವುದು, ಮಾತಿನ ಎಳೆ ತಪ್ಪುವುದು ಅದರ ಲಕ್ಷಣ. ಎರಡು ವ್ಯಕ್ತಿತ್ವದ್ದು ಬೇರೆಯೇ ಕಾಯಿಲೆ. ಕಾಯಿಲೆಯ ತಲೆಗೆ ಕೊಲೆ ಕಟ್ಟಿ ನಾಯಕನನ್ನು ಪಾರು ಮಾಡಿದ್ದಂತೂ ನನಗೆ ಸ್ವಲ್ಪವೂ ಹಿಡಿಸಲಿಲ್ಲ.

ಪೊಲೀಸ್ ಠಾಣೆಯ ದೃಶ್ಯದಲ್ಲಿ ಅತ್ತಿಗೆ ತನಗೆ ಓದಲು ಬಾರದ ಮಲಯಾಳ ಹೇಳಿಕೆಗೆ ಸಹಿ ಹಾಕುತ್ತಾಳೆ. ಈ ಹೆದರಿಕೆ ನಮ್ಮದೇ. 1956ರಲ್ಲಿ ನಮ್ಮ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ, ಕಚೇರಿಯಿಂದ ಬಂದ ಕಾಗದ ಓದಿಸಲು ನನ್ನಪ್ಪ ಮೂರು ಮನೆ ಅಲೆದದ್ದುಂಟು. ಆದರೆ ತನಿಖೆಯಲ್ಲಿ ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಹಿ ಹಾಕಿಸುವಂತಿಲ್ಲ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 162ನೇ ಕಲಮು, 2024ರ ಜುಲೈಯಿಂದ ನಾಗರಿಕ ಸುರಕ್ಷಾ ಸಂಹಿತೆಯ 181. ಸಹಿಯನ್ನು ತೆಗೆದುಹಾಕು, ಹೆದರಿಕೆ ಇರಲಿ. ಅವಳು ಕನ್ನಡದಲ್ಲಿ ಹೇಳಿದ್ದನ್ನು ಮಲಯಾಳಕ್ಕೆ ದಾಟಿಸುವವನೊಬ್ಬ ಬೇಕಲ್ಲ? ನೀನು ಅವನನ್ನು ಮರೆತೇಬಿಟ್ಟೆ!

ನಾನು ಎಂದೋ ಬರೆದಿಟ್ಟುಕೊಂಡು ಬಳಸದೆ ಬಿಟ್ಟದ್ದು ಒಂದಿದೆ, ತೆಗೆದುಕೋ. ನಮಗೆ ‘ಚಾಡಿ’ ಎಂದರೆ ಇಲ್ಲದ್ದನ್ನು ಹೇಳಿ ಹಚ್ಚುವುದು. ಮಲಯಾಳದ ಕಿವಿಗೆ ಅದೇ ಸದ್ದು ‘ಹಾರಿ’, ‘ಜಿಗಿದು’. ಗಂಡ ಕೆರೆಯಲ್ಲಿ ಸತ್ತು ತೇಲಿದ ದಿನ ಅತ್ತಿಗೆ ಅಳುತ್ತ, “ಚಾಡಿಯಿಂದಲೇ ಹೋದರು” ಎನ್ನುತ್ತಾಳೆ. ಪೊಲೀಸಿನವನು ಕೆರೆಗೆ ಹಾರಿದ ಎಂದುಕೊಳ್ಳುತ್ತಾನೆ. ಪಕ್ಕದಲ್ಲಿ ನಿಂತವನಿಗೆ ಎರಡೂ ಭಾಷೆ ಬರುತ್ತದೆ, ಒಂದು ಮಾತಿನಲ್ಲಿ ತಿದ್ದಬಹುದು. ಆದರೆ ಆ ಚಾಡಿ ಹೇಳಿದವನು ಅವನೇ, ನಿನ್ನ ನಾಯಕ. ಅವನು ಸುಮ್ಮನೆ ತಲೆಯಾಡಿಸುತ್ತಾನೆ. ಇನ್ನು ಅವನು ರಾತ್ರಿ ಹೇಗೆ ನಿದ್ರೆ ಮಾಡುತ್ತಾನೆಂದು ಬರೆ. ಅದಕ್ಕೆ ಯಾವ ಡಾಕ್ಟರೂ ಬೇಡ.

ಮೊದಲ ತೊಂಬತ್ತು ಪುಟದಲ್ಲಿ ಒಂದಕ್ಷರ ಮುಟ್ಟಬೇಡ. ಉಳಿದ ಕಟ್ಟನ್ನು ನಾಳೆ ಬದಿಯಡ್ಕದ ಬಸ್ಸಿನಲ್ಲಿ ಕಳಿಸುತ್ತೇನೆ. ಮನೋವೈದ್ಯರ ನಲವತ್ತು ಪುಟ ಅದರಲ್ಲಿ ಇರುವುದಿಲ್ಲ. ಹುಡುಕಬೇಡ, ನನ್ನ ಹತ್ತಿರವೇ ಇವೆ.

ಇಂತು,
ನಿನ್ನ ಅಣ್ಣ