ಪಿನೋಕಿಯೋ ಅಂದರೆ ಮೂಗಷ್ಟೇ ಅಲ್ಲ

ಮಾನ್ಯರೇ,

ಕಳೆದ ಭಾನುವಾರ ನಿಮ್ಮ ಮಕ್ಕಳ ಪುಟದಲ್ಲಿ, ಸುಳ್ಳು ಹೇಳಿದರೆ ಮೂಗು ಬೆಳೆಯುವ ಮರದ ಗೊಂಬೆ ಪಿನೋಕಿಯೋನ ಕಥೆ ಬಂದಿತ್ತು. ಚಿತ್ರ ಚೆನ್ನಾಗಿತ್ತು. ಆದರೆ ಮೂಗು ಬೆಳೆಯಿತು, ಬುದ್ಧಿ ಬಂತು, ಹುಡುಗನಾದ ಅಂತ ಅರ್ಧ ಪುಟದಲ್ಲಿ ಮುಗಿಸಿಬಿಟ್ಟಿದ್ದೀರಿ. ಕೆಳಗೆ ದಪ್ಪಕ್ಷರದಲ್ಲಿ 'ಸುಳ್ಳು ಹೇಳಬಾರದು' ಅಂತ ನೀತಿ ಬೇರೆ. ನಾನು ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರಾಗಿದ್ದವನು. ಶನಿವಾರದ ಕೊನೇ ಪೀರಿಯಡ್ಡಿನಲ್ಲಿ ಐದನೇ ಕ್ಲಾಸಿನ ಮಕ್ಕಳಿಗೆ ಈ ಕಥೆ ಹೇಳುತ್ತಿದ್ದೆ. ಸುಮ್ನಿರಲು ಆಗದೆ ಬರೆಯುತ್ತಿದ್ದೇನೆ.

ಇಟಲಿಯ ಕಾರ್ಲೋ ಕೊಲ್ಲೋಡಿ ಇದನ್ನು ಶುರು ಮಾಡಿದ್ದು 1881ರಲ್ಲಿ, ಮಕ್ಕಳ ವಾರಪತ್ರಿಕೆಯೊಂದರ ಧಾರಾವಾಹಿಯಾಗಿ. 15ನೇ ಅಧ್ಯಾಯದಲ್ಲಿ ಗೊಂಬೆಯನ್ನು ಓಕ್ ಮರಕ್ಕೆ ನೇಣು ಹಾಕಿಸಿ, ಕಥೆ ಮುಗೀತು ಅಂದುಬಿಟ್ಟರು. ಓದುವ ಮಕ್ಕಳು ಬಿಡಬೇಕಲ್ಲ! ಮುಂದಿನ ವರ್ಷ ಮತ್ತೆ ಬರೆಯಬೇಕಾಯಿತು. 1883ರಲ್ಲಿ 36 ಅಧ್ಯಾಯಗಳ ಪುಸ್ತಕವಾಯಿತು. ಸುಳ್ಳಿಗೆ ಮೂಗು ಬೆಳೆಯುವುದು 17ನೇ ಅಧ್ಯಾಯದಲ್ಲಿ. ಅಂದರೆ ಮೊದಲು ಮುಗಿದ ಕಥೆಯಲ್ಲಿ ಆ ಪ್ರಸಂಗವೇ ಇರಲಿಲ್ಲ. ಅದಕ್ಕೂ ಮುಂಚೆ ಮೂಗು ಬೆಳೆದದ್ದುಂಟು. ಹಸಿದ ಗೊಂಬೆ ಒಲೆ ಮೇಲಿನ ಪಾತ್ರೆಗೆ ಕೈ ಹಾಕುತ್ತದೆ, ನೋಡಿದರೆ ಅದು ಗೋಡೆಗೆ ಬಿಡಿಸಿದ ಚಿತ್ರ. ಆಗಲೂ ಮೂಗು ಉದ್ದವಾಗುತ್ತದೆ. ಅಲ್ಲಿ ಅವನು ಹೇಳಿದ ಸುಳ್ಳು ಯಾವುದು?

ಅವನು ನಿಜಕ್ಕೂ ದೊಡ್ಡವನಾಗುವುದು ಕೊನೇ ಅಧ್ಯಾಯದಲ್ಲಿ. ತನ್ನನ್ನು ಕೆತ್ತಿದ ಅಪ್ಪ ಹಾಸಿಗೆ ಹಿಡಿದಿದ್ದಾನೆ, ಅವನಿಗೆ ಒಂದು ಲೋಟ ಹಾಲು ಬೇಕು. ಕೈಯಲ್ಲಿ ಕಾಸಿಲ್ಲ. ನೂರು ಬಕೆಟ್ ನೀರೆತ್ತಿದರೆ ಹಾಲು ಕೊಡ್ತೀನಿ ಅನ್ನುತ್ತಾನೆ ತೋಟದವನು. ಬೆವರು ಸುರಿಸಿ ಎತ್ತುತ್ತಾನೆ. ಅಲ್ಲಿವರೆಗೆ ಆ ಕೆಲಸ ಮಾಡುತ್ತಿದ್ದ ಕತ್ತೆ ಕೊಟ್ಟಿಗೆಯಲ್ಲಿ ಸಾಯುತ್ತಾ ಬಿದ್ದಿದೆ. ಹತ್ತಿರ ಹೋಗಿ, ಕತ್ತೆಗಳ ಭಾಷೆಯಲ್ಲೇ 'ಯಾರು ನೀನು' ಅಂತ ಕೇಳುತ್ತಾನೆ. ನೋಡಿದರೆ ಹಳೇ ಗೆಳೆಯ ಲುಚಿನ್ಯೋಲೋ. ಶಾಲೆಯೇ ಇಲ್ಲದ ಊರಿಗೆ ಜೊತೆಯಲ್ಲಿ ಓಡಿಹೋಗಿ, ಇಬ್ಬರೂ ಕತ್ತೆಗಳಾದವರು. ಇವನು ಪಾರಾಗಿದ್ದ. ಅವನು ಅಲ್ಲೇ ಕಣ್ಣು ಮುಚ್ಚುತ್ತಾನೆ.

ಮೂಗಿಗೆ ಬಿದ್ದು ಬಿದ್ದು ನಕ್ಕಿದ್ದ ಕ್ಲಾಸು ಇಲ್ಲಿ ಗಪ್‌ಚುಪ್. ಹಿಂದಿನ ಬೆಂಚಿನ ಹುಡುಗಿಯೊಬ್ಬಳು, "ಅವನಿಗೂ ಒಬ್ಬಳು ನೀಲಿ ಕೂದಲಿನ ದೇವತೆ ಇರಬೇಕಿತ್ತು ಅಲ್ವಾ ಸಾರ್?" ಅಂದಳು. ಪಿನೋಕಿಯೋನನ್ನು ಮತ್ತೆ ಮತ್ತೆ ಕಾಪಾಡುವವಳು ಆ ದೇವತೆ. ನಿಮ್ಮ ಅರ್ಧ ಪುಟದಲ್ಲಿ ಈ ಕತ್ತೆಯೇ ಇಲ್ಲ.

ಆಮೇಲೆ ಪಿನೋಕಿಯೋ ಐದು ತಿಂಗಳು ಬೆಳಗಿನ ಜಾವ ಎದ್ದು ನೀರೆತ್ತುತ್ತಾನೆ. ಬುಟ್ಟಿ ಹೆಣೆಯುತ್ತಾನೆ. ರಾತ್ರಿ ಚೂಪು ಮಾಡಿದ ಕಡ್ಡಿಯನ್ನು ಹಣ್ಣಿನ ರಸದಲ್ಲಿ ಅದ್ದಿ ಅಕ್ಷರ ತಿದ್ದುತ್ತಾನೆ. ಹೊಸ ಕೋಟಿಗೆ ಅಂತ ಕೂಡಿಟ್ಟ 40 ಕಾಸನ್ನು ದೇವತೆಗೆ ಹುಷಾರಿಲ್ಲ ಅಂತ ಕೇಳಿ ಕೊಟ್ಟುಬಿಡುತ್ತಾನೆ. ಆ ರಾತ್ರಿ 8 ಬುಟ್ಟಿಯ ಬದಲು 16 ಹೆಣೆದು ಮಲಗುತ್ತಾನೆ. ಎದ್ದರೆ ಹುಡುಗನಾಗಿದ್ದಾನೆ!

ಹಳೇ ಗೊಂಬೆ ಕುರ್ಚಿಗೆ ಒರಗಿಕೊಂಡಿದೆ. ಕತ್ತು ಒಂದು ಕಡೆ ವಾಲಿದೆ, ಕೈ ಜೋತುಬಿದ್ದಿವೆ. ಹುಡುಗ ಅದನ್ನು ನೋಡಿ, ಗೊಂಬೆಯಾಗಿದ್ದಾಗ ಎಷ್ಟು ತಮಾಷೆಯಾಗಿದ್ದೆ ಅಂದುಕೊಳ್ಳುತ್ತಾನೆ. ಈ ಮಾತು ನನಗೆ ಯಾವತ್ತೂ ಒಪ್ಪಿಗೆಯಾಗಿಲ್ಲ. ದೊಡ್ಡ ಮೀನೊಂದು ನುಂಗಿದ್ದ ಅಪ್ಪನನ್ನು ಅದರ ಹೊಟ್ಟೆಯಿಂದ ಬೆನ್ನ ಮೇಲೆ ಹೊತ್ತು ತಂದದ್ದು ಆ ಮರದ ಗೊಂಬೆ. ನೀರೆತ್ತಿದ್ದೂ ಅದೇ. ಈ ಹುಡುಗ ಇನ್ನೂ ಏನು ಮಾಡಿದ್ದಾನೆ ಹೇಳಿ? ಕೊಲ್ಲೋಡಿ ಇಲ್ಲಿ ಸ್ವಲ್ಪ ಜಾಸ್ತಿನೇ ಅವಸರ ಮಾಡಿದರು ಅನ್ನಿಸುತ್ತದೆ.

ಇದು ಪತ್ರಿಕೆಗೆಂದೇ ಹುಟ್ಟಿದ ಕಥೆ. ವಾರಕ್ಕೊಂದು ಅಧ್ಯಾಯದಂತೆ ಪೂರ್ತಿ ಹಾಕಿ. 36 ಭಾನುವಾರ ಸಾಕು. ನೇಣಿನ ಭಾಗವನ್ನಾಗಲಿ ಕತ್ತೆಯನ್ನಾಗಲಿ ಕತ್ತರಿಸಬೇಡಿ, ಮಕ್ಕಳು ತಡೆದುಕೊಳ್ಳುತ್ತಾರೆ. ಕೆಳಗೆ ದಪ್ಪಕ್ಷರದ ಸಾಲು ಮಾತ್ರ ದಯವಿಟ್ಟು ಬೇಡ.

— ನಿವೃತ್ತ ಶಿಕ್ಷಕ, ತಿಪಟೂರು